ಕೀಲಿಗಳ ಮೇಲಿಲ್ಲದ ಕನ್ನಡ

ದಸರಾ ರಜೆಗೆಂದು ಚಿಂತಾಮಣಿಗೆ ಬಂದ ನನ್ನ ಮೊಮ್ಮಗ ಮೂರು ದಿನ ಊಟದ ಮೇಜನ್ನು ನಮಗೆ ಬಿಟ್ಟುಕೊಡಲಿಲ್ಲ. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಕಂಪ್ಯೂಟರ್ ಕೀಲಿಮಣೆಯನ್ನು ಆತ ಬಿಡಿಭಾಗಗಳಿಂದ ತಾನೇ ಕಟ್ಟುತ್ತಿದ್ದ. ಅದಕ್ಕೆ ಮೆಕ್ಯಾನಿಕಲ್ ಕೀಬೋರ್ಡ್ ಎನ್ನುತ್ತಾರಂತೆ. ಪ್ರತಿ ಕೀಲಿಯ ಕೆಳಗೂ ಪ್ರತ್ಯೇಕ ಸ್ವಿಚ್ಚು, ಅದರೊಳಗೊಂದು ಪುಟ್ಟ ಸ್ಪ್ರಿಂಗು. ಅಂತಹ 87 ಸ್ವಿಚ್ಚುಗಳನ್ನು ಬಿಚ್ಚಿ, ಕುಂಚದಿಂದ ಗ್ರೀಸು ಸವರಿ, ಮತ್ತೆ ಮುಚ್ಚಿ, ಒಂದೊಂದಕ್ಕೂ ಬೆಸುಗೆ ಹಾಕಿದ. ಶಿಡ್ಲಘಟ್ಟದ ರೀಲರುಗಳು ರೇಷ್ಮೆ ಎಳೆಯನ್ನು ಬೆರಳಿನಲ್ಲೇ ಅರಿಯುವುದನ್ನು ಕಂಡ ನನಗೆ ಆ ತಾಳ್ಮೆಯ ಬಗ್ಗೆ ಗೌರವವೇ ಮೂಡಿತು.

ಕೊನೆಯಲ್ಲಿ ಕೀಲಿಗಳಿಗೆ ಟೊಪ್ಪಿಗೆ ತೊಡಿಸಿದ. ನೋಡಿದರೆ, ಇಂಗ್ಲಿಷಿನ ಜೊತೆಗೆ ಜಪಾನೀ ಅಕ್ಷರಗಳು!

"ಇದನ್ನ ಓದೋಕೆ ಬರುತ್ತೇನೋ?" ಎಂದೆ.

"ಇಲ್ಲ ತಾತ, ನೋಡೋಕೆ ಚೆನ್ನಾಗಿರುತ್ತೆ."

ನನ್ನ ಜಗಳ ಇರುವುದು ಇಲ್ಲಿಯೇ. ಜಪಾನಿನಲ್ಲಿ, ಕೊರಿಯಾದಲ್ಲಿ ಸಾಮಾನ್ಯ ಕೀಲಿಮಣೆಗಳ ಮೇಲೂ ಅವರವರ ಲಿಪಿ ಇರುತ್ತದೆ. ಆದ್ದರಿಂದಲೇ ಅದು ಲೋಕದ ಹವ್ಯಾಸಿಗಳಿಗೆ ಅಲಂಕಾರವಾಗುವಷ್ಟು ಪರಿಚಿತವಾಯಿತು. ನಮ್ಮ ಲಿಪಿಯೂ ಒಂದು ಕಾಲಕ್ಕೆ ಕೀಲಿಯ ಮೇಲೆ ಕುಳಿತಿತ್ತು. ಅನಂತ ಸುಬ್ಬರಾಯರು ವಿನ್ಯಾಸಗೊಳಿಸಿದ ಕನ್ನಡ ಬೆರಳಚ್ಚು ಯಂತ್ರದ ಗುಂಡಿಗಳಲ್ಲಿ ಕನ್ನಡವೇ ಇತ್ತು. ಚಿಕ್ಕಬಳ್ಳಾಪುರದ ಟೈಪಿಂಗ್ ಶಾಲೆಯೊಂದರಲ್ಲಿ ನಾನೂ ಆ ಗುಂಡಿಗಳನ್ನು ಕುಟ್ಟಿದವನೇ. ಆಮೇಲೆ ಎಷ್ಟೋ ವರ್ಷ ಪ್ರಶ್ನೆಪತ್ರಿಕೆಗಳನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಒಡೆದಿದ್ದೇನೆ. ಕಂಪ್ಯೂಟರು ಬಂದದ್ದೇ ತಡ, ಕನ್ನಡ ಕೀಲಿಯಿಂದ ಇಳಿದುಹೋಯಿತು. ಇಳಿಸಿದವರಾರು ಎಂದು ಯಾರೂ ಕೇಳಲಿಲ್ಲ, ನಾನೂ ಸೇರಿದಂತೆ.

ಯಂತ್ರಕ್ಕೆ ಇಂಗ್ಲಿಷ್ ಹುಟ್ಟುಗುಣವೇನಲ್ಲ. ಕೀಲಿ ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ಒಂದು ಸಂಖ್ಯೆ ಮಾತ್ರ. ಅದು ಯಾವ ಅಕ್ಷರವೆಂದು ತೀರ್ಮಾನಿಸುವುದು ಒಳಗಿನ ತಂತ್ರಾಂಶ. ಕೆ. ಪಿ. ರಾಯರು 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಅಡಕ ಮಾಡಿಕೊಟ್ಟರು. ಕರ್ನಾಟಕ ಸರ್ಕಾರ ಒಪ್ಪಿಕೊಂಡ, ನುಡಿ ತಂತ್ರಾಂಶದಲ್ಲಿರುವ ವಿನ್ಯಾಸ ಅದೇ. ಅದರಲ್ಲಿ ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಎಕ್ಸ್ ಒತ್ತಿದರೆ ಷ. ಅರ್ಧಾಕ್ಷರಕ್ಕೆ ಎಫ್. ಜಾಣತನದ ಏರ್ಪಾಡು, ಸಂದೇಹವಿಲ್ಲ. ಆದರೆ ಕ್ಯೂ ಎಂಬ ಗುರುತಿನ ಕೆಳಗೆ ಟ ಅಡಗಿ ಕುಳಿತಿದೆಯೆಂದು ಮಗುವಿಗೆ ತಿಳಿಯುವುದು ಹೇಗೆ?

ಪಕ್ಕದ ಹಳ್ಳಿಯ ಶಾಲೆಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಆರನೆಯ ತರಗತಿಯ ಹುಡುಗಿ ತನ್ನ ಊರಿನ ಹೆಸರು ಬರೆಯಲು ಕುಳಿತಳು. "ಟ ಎಲ್ಲೈತೆ ಸಾ?" ಎಂದು ಹುಡುಕಿ ಹುಡುಕಿ ಕೈ ಹಿಂದಕ್ಕೆ ತೆಗೆದುಕೊಂಡಳು. ನಮ್ಮ ಸೀಮೆಯ ಎಷ್ಟೋ ಮಕ್ಕಳಂತೆ ಅವಳ ಮನೆಮಾತು ತೆಲುಗು. ಶಾಲೆಗೆ ಬಂದು ಶ್ರಮಪಟ್ಟು ಕನ್ನಡ ಅಕ್ಷರ ಕಲಿತವಳು ಆಕೆ. ಆ ಅಕ್ಷರವನ್ನು ಯಂತ್ರದಲ್ಲಿ ಮೂಡಿಸಲು ಮೂರನೆಯದೊಂದು ಭಾಷೆಯ ಲಿಪಿಯ ಮುಂದೆ ಕೈಕಟ್ಟಿ ನಿಲ್ಲಬೇಕೆ?

ನುರಿತವರು ಕೀಲಿಯನ್ನು ನೋಡುವುದೇ ಇಲ್ಲ ಎಂಬ ವಾದವನ್ನು ಬಲ್ಲೆ. ನುರಿಯುವ ಮೊದಲು ಎಲ್ಲರೂ ನೋಡಿಯೇ ನೋಡುತ್ತಾರೆ; ಮಗ್ಗಿ ಬಾಯಿಗೆ ಬಂದ ಮೇಲೆ ಗೋಡೆಯ ಮಗ್ಗಿಪಟ ಬೇಡವಾಗುವುದೆಂದು ಒಂದನೆಯ ತರಗತಿಯಿಂದಲೇ ಅದನ್ನು ಕಿತ್ತುಹಾಕುತ್ತೇವೆಯೆ? ಇಂಗ್ಲಿಷಿನಲ್ಲೇ ಉಚ್ಚಾರ ಬರೆದರೆ ಕನ್ನಡವಾಗಿ ಮೂಡುತ್ತದಲ್ಲ ಎನ್ನುವವರು ಇನ್ನೂ ಅಪಾಯದವರು. ಕನ್ನಡ ಬರೆಯಲು ಮೊದಲು ಇಂಗ್ಲಿಷ್ ಕಲಿ ಎಂಬುದೇ ಅವರ ಮಾತಿನ ಅರ್ಥ.

ಕಾರ್ಖಾನೆಯವರು ಮಾಡಲಿಲ್ಲವೆಂದು ದೂರುತ್ತ ಕೂರುವ ಕಾಲವೂ ಇದಲ್ಲ. ಬೇಕಾದ ಬಣ್ಣ, ಬೇಕಾದ ಸದ್ದು, ಬೇಕಾದ ಲಿಪಿ ಆಯ್ದು ಮನೆಯಲ್ಲೇ ಕೀಲಿಮಣೆ ಕಟ್ಟಬಲ್ಲ ಕೈಗಳು ನಮ್ಮ ಮಕ್ಕಳಿಗಿವೆ. ಆ ಕೈಗಳಿಗೆ ಕನ್ನಡದ ನೆನಪು ಮಾತ್ರ ಬರುವುದಿಲ್ಲ!

ಮೊಮ್ಮಗ ಹೊರಡುವಾಗ ಬರಿಯ ಟೊಪ್ಪಿಗೆಗಳ ಒಂದು ಜೊತೆ ತರಿಸಿಕೊಡು ಎಂದಿದ್ದೇನೆ. ಯಾವುದರ ಮೇಲೆ ಯಾವ ಅಕ್ಷರವೆಂದು ಹಾಳೆಯಲ್ಲಿ ದುಂಡಗೆ ಬರೆದಿಟ್ಟಿದ್ದೇನೆ. ಸಂಕ್ರಾಂತಿಗೆ ಬಂದಾಗ ಅಚ್ಚು ಹಾಕಿಸಿ ತರುವುದು ಅವನ ಕೆಲಸ. ಮೊದಲ ಕೀಲಿಮಣೆ ಆ ಹುಡುಗಿಯ ಶಾಲೆಗೆ.