ಚೌಕದ ನೋಟ್‌ಬುಕ್ಕಲ್ಲಿ ಕೊಟ್ಟೂರು ತೇರು

1/5
ಫ್ರೆಂಡ್ಸ್, ಒಂದು ಪ್ರಶ್ನೆ. 1/4 ದೊಡ್ಡದಾ, 1/8 ದೊಡ್ಡದಾ? ನಗಬೇಡಿ. ಐದನೇ ಕ್ಲಾಸಿನ ನನ್ನ ತಂಗಿ "1/8 ದೊಡ್ಡದು, ನಾಕಕ್ಕಿಂತ ಎಂಟು ದೊಡ್ಡದಲ್ವಾ" ಅಂದ್ಲು. ತಪ್ಪು ಅವಳದಲ್ಲ. ಭಿನ್ನರಾಶಿನ ಬೋರ್ಡ್ ನೋಡಿ ಬರೆದಿದ್ದಾಳೆ ಅಷ್ಟೇ, ಅದು ಎಷ್ಟು ಅಂತ ಕಣ್ಣಲ್ಲಿ ಕಂಡಿಲ್ಲ.

2/5
ಅವಳ ಗಣಿತದ ಚೌಕದ ನೋಟ್‌ಬುಕ್ಕಲ್ಲೇ ಉದ್ದ 8, ಅಗಲ 8 ಮನೆ ಗುರುತು ಹಾಕಿಕೊಟ್ಟೆ. ಒಟ್ಟು 64. "ಇದ್ರಲ್ಲಿ ಕೊಟ್ಟೂರು ತೇರು ಬಿಡಿಸು. 1/4 ಭಾಗ ಕೆಂಪು, 1/8 ಭಾಗ ಹಳದಿ ಇರ್ಬೇಕು" ಅಂದೆ. ಇಬ್ರೂ ಕೂತು ಭಾಗ ಮಾಡಿದ್ವಿ: 16 ಮನೆ ಕೆಂಪು, 8 ಮನೆ ಹಳದಿ. ಬಣ್ಣ ಹಚ್ಚಿ ಮುಗಿಸಿ ಅವಳೇ ಕೇಳಿದ್ಲು, "ಅಕ್ಕಾ, ಹಳದಿ ಕಮ್ಮಿ ಐತಲ್ಲ?" ನಾನು ಹೇಳೋದು ಏನೂ ಉಳೀಲಿಲ್ಲ.

3/5
ಇದೇ ಪಿಕ್ಸೆಲ್ ಆರ್ಟ್. ಇದಕ್ಕೆ ಕಂಪ್ಯೂಟರ್ ಬೇಕೇ ಬೇಕು ಅಂತಿಲ್ಲ. 1984ರ ಮ್ಯಾಕಿಂತೋಷ್ ಐಕಾನ್‌ಗಳನ್ನ ಮಾಡಿದ ಸೂಸನ್ ಕೇರ್ ಕೂಡ ಮೊದಲು ಗ್ರಾಫ್ ಪೇಪರ್ ಮೇಲೆ, 32ಕ್ಕೆ 32 ಚೌಕದಲ್ಲಿ ಬಿಡಿಸಿದ್ದು. ಧಾರವಾಡದ ಕಡೆ ಕಸೂತಿ ಹಾಕೋರೂ ಬಟ್ಟೆಯ ಎಳೆ ಎಣಿಸಿಯೇ ತೇರು, ಗೋಪುರ ತೆಗೀತಾರೆ. ಎಣಿಸಿ ಚಿತ್ರ ಮಾಡೋದು ನಮಗೆ ಹೊಸದೇನಲ್ಲ.

4/5
ನನ್ನ ಅಭಿಪ್ರಾಯ ಇಷ್ಟು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಶಾಲೆಗಳಲ್ಲಿ ವಾರಕ್ಕೆ ಒಂದು ಗಣಿತ ಪೀರಿಯಡ್ ಇದಕ್ಕೆ ಕೊಡಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಮಕ್ಕಳಿಗೆ ಆಟದಲ್ಲೇ ಪಾಠ ಕಲಿಸ್ತು. ಆದ್ರೆ ಅದು 3ನೇ ಕ್ಲಾಸಿಗೆ ಮುಗೀತದೆ. ಭಿನ್ನರಾಶಿ, ಶೇಕಡಾ ಕಾಡೋದು ಆಮೇಲೆ. 10ಕ್ಕೆ 10 ಚೌಕದಲ್ಲಿ ಗುಡೇಕೋಟೆ ಕರಡಿ ಬಿಡಿಸಿ. 100ರಲ್ಲಿ 60 ಮನೆ ಕಪ್ಪಾದ್ರೆ ಅದೇ ಶೇ. 60. ನಾನು ಬಿಕಾಂಗೆ ಬರೋವರೆಗೂ ಶೇಕಡಾ ಸೂತ್ರನ ಬಾಯಿಪಾಠ ಮಾಡಿಕೊಂಡೇ ಪಾಸಾದವಳು. ನನ್ನ ತಂಗಿಗೆ ಹಂಗಾಗಬಾರದು.

5/5
ಒಂದು ಎಚ್ಚರಿಕೆ. ಬರೀ ಬಣ್ಣ ತುಂಬಿಸಿ ಗೋಡೆಗೆ ಅಂಟಿಸಿದ್ರೆ ಅದು ಡ್ರಾಯಿಂಗ್ ಕ್ಲಾಸ್ ಅಷ್ಟೇ. ಮಗು ಎಣಿಸಬೇಕು, ಲೆಕ್ಕ ಚಿತ್ರದ ಕೆಳಗೆ ಬರೀಬೇಕು, ಪಕ್ಕದವರಿಗೆ ವಿವರಿಸಬೇಕು. "ಸಿಲಬಸ್ ಮುಗಿಯಲ್ಲ" ಅನ್ನೋ ಟೀಚರ್‌ಗಳ ಕಷ್ಟ ನಿಜ. ಆದ್ರೆ ಮಕ್ಕಳಿಗೆ ಅರ್ಥ ಆಗದೆ ಸಿಲಬಸ್ ಮುಗಿದ್ರೆ ಯಾರಿಗೆ ಲಾಭ?

ಈ ಭಾನುವಾರ ನಿಮ್ಮ ತಮ್ಮನೋ ತಂಗಿನೋ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಒಂದು ಚೌಕದ ಹಾಳೆ, ಎರಡು ಬಣ್ಣದ ಪೆನ್ಸಿಲ್ ಸಾಕು. ಮೊದಲು 1/4, 1/8 ಪ್ರಶ್ನೆ ಕೇಳಿ. ಅವರು ಏನಂದ್ರು ಅಂತ ಕಾಮೆಂಟಲ್ಲಿ ಹೇಳಿ.