ಕೇಳಿ ತೆಗೀರಿ

‘ಮೆಟ್ರೋ ಸಾರ್ವಜನಿಕ ಜಾಗ ತಾನೇ? ಅಲ್ಲಿ ವಿಡಿಯೋ ತೆಗೆದರೆ ತಪ್ಪೇನು?’

2025ರ ಮೇ ತಿಂಗಳಲ್ಲಿ, ನಮ್ಮ ಮೆಟ್ರೋದಲ್ಲಿ ಹೆಣ್ಣುಮಕ್ಕಳ ವಿಡಿಯೋವನ್ನು ಅವರಿಗೇ ಗೊತ್ತಾಗದ ಹಾಗೆ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಖಾತೆಯೊಂದು ಸುದ್ದಿಯಾದಾಗ, ಚೆನ್ನಾಗಿ ಓದಿಕೊಂಡ ನನ್ನ ಸಹೋದ್ಯೋಗಿಗಳೇ ಕೇಳಿದ ಪ್ರಶ್ನೆ ಇದು. ಬನಶಂಕರಿ ಪೊಲೀಸರು ಕೇಸು ಹಾಕಿದರು, ಒಬ್ಬನನ್ನು ಹಿಡಿದರು. ಸರಿ. ಆ ಖಾತೆಗಿದ್ದ 5,000ಕ್ಕೂ ಹೆಚ್ಚು ಫಾಲೋವರ್‌ಗಳು? ಅವರೇನು ಕಾಡಿನಿಂದ ಬಂದವರಾ? ನಮ್ಮ ನಿಮ್ಮ ಹಾಗೇ ಬೆಳಗ್ಗೆ ಕಾರ್ಡ್ ತೋರಿಸಿ ಗೇಟು ದಾಟಿ ಆಫೀಸಿಗೆ ಹೋಗೋರು.

ಇನ್ನೊಂದು ವಾದ ನನ್ನ ಊರಿನ ಹೆಸರಲ್ಲೇ ಬರುತ್ತೆ. ನಾನು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವಳು. ‘ನಿಮ್ಮ ಹಳ್ಳೀಲಿ ಯಾರಿಗಿತ್ತು ಪ್ರೈವೆಸಿ? ಅದೆಲ್ಲ ಸಿಟಿಯವರ ಶೋಕಿ’ ಅಂತಾರೆ. ಹೌದು ಸ್ವಾಮಿ, ನಾನು ಬಸ್ಸಿಳಿದು ಮನೆ ಮುಟ್ಟೋದರೊಳಗೆ ಏನು ತೊಟ್ಟಿದ್ದೆ, ಬ್ಯಾಗು ಎಷ್ಟು ದಪ್ಪ ಇತ್ತು ಅನ್ನೋದು ಅರ್ಧ ಊರಿಗೆ ಗೊತ್ತು. ಅದನ್ನ ನಾನು ಹೊಗಳ್ತಿಲ್ಲ. ಆ ಕಣ್ಣುಗಳಿಂದ ತಪ್ಪಿಸಿಕೊಳ್ಳೋಕೇ ಬೆಂಗಳೂರಿಗೆ ಬಂದ ಹುಡುಗಿಯರು ಬೇಕಾದಷ್ಟಿದ್ದಾರೆ. ಆದರೆ ಜಗಲಿ ಮೇಲೆ ಕೂತು ನೋಡೋ ಅಜ್ಜಿ ನನಗೂ ಕಾಣ್ತಾಳೆ. ‘ಏನಜ್ಜಿ, ಹಂಗ್ ನೋಡ್ತೀಯ?’ ಅಂತ ಕೇಳಬಹುದು. ಕೇಳಿದ್ದೀನಿ ಕೂಡ. ಅವಳಾಡಿದ ಮಾತು ಕುಣಿಗಲ್ ಮುಟ್ಟೋಷ್ಟರಲ್ಲಿ ಹಳಸಿರುತ್ತೆ. ಮೊಬೈಲು ಹಿಡಿದವನಿಗೆ ಮುಖವೇ ಇಲ್ಲ. ಅವನು ತೆಗೆದದ್ದು ಹಳಸೋದೂ ಇಲ್ಲ.

2024ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಪಕ್ಕದ ಜಿಲ್ಲೆ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದ್ದು ನೆನಪಿದೆಯಲ್ಲ? ಹೆಂಗಸರ ಮುಖವನ್ನೂ ಮರೆಮಾಡದ ಆ ವಿಡಿಯೋಗಳನ್ನು ಹಂಚೋದೂ ಅಪರಾಧ ಅಂತ ಎಸ್‌ಐಟಿ ಎಚ್ಚರಿಸಬೇಕಾಯ್ತು. ನ್ಯಾಯಕ್ಕೋಸ್ಕರ ಫಾರ್ವರ್ಡ್ ಮಾಡಿದ್ವಿ ಅನ್ನೋರಿಗೆ ನಾಚಿಕೆಯಾಗಬೇಕು. ನ್ಯಾಯ ಕೊಡೋದು ಫ್ಯಾಮಿಲಿ ಗ್ರೂಪಾ?

ಮೊದಲಿನ ಪ್ರಶ್ನೆಗೆ ಬರ್ತೀನಿ. ಅದಕ್ಕೆ ಉತ್ತರ 2017ರ ಆಗಸ್ಟ್ 24ರಂದೇ ಸಿಕ್ಕಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಸಾರ್ವಜನಿಕ ಜಾಗದಲ್ಲಿ ನಿಂತ ಮಾತ್ರಕ್ಕೆ ಅದು ಕಳೆದುಹೋಗಲ್ಲ, ಅದು ಅಂಟಿಕೊಂಡಿರೋದು ಮನುಷ್ಯನಿಗೆ ಅನ್ನೋದೂ ಆ ತೀರ್ಪಿನಲ್ಲಿದೆ. ಕೇಸು ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು.

ಕಾನೂನಿನ ಅಕ್ಷರ ಮಾತ್ರ ಇನ್ನೂ ಹಿಂದಿದೆ. ಐಟಿ ಕಾಯ್ದೆಯ 66ಇ ಕಲಂ ಗುಪ್ತಾಂಗಗಳ ಚಿತ್ರಕ್ಕಷ್ಟೇ ಅನ್ವಯ. ಮೈತುಂಬ ಬಟ್ಟೆ ತೊಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಂಬಿ ಹಿಡಿದು ನಿಂತವಳ ಹೆಸರು ಅದರಲ್ಲಿ ಎಲ್ಲೂ ಇಲ್ಲ.