ಎಷ್ಟು ತೊಳೆದರೆ ಶುದ್ಧ?

ಪರಿಸರ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಶಾಲೆಗಳಿಗೆ ನೆನಪಾಗುವುದು ಜೂನ್ 5 ಮತ್ತು ಒಂದು ಸಸಿ. ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಾನೂ ಅಂಥ ಸಮಾರಂಭಗಳಲ್ಲಿ ಸಸಿ ಹಿಡಿದು ನಿಂತವನೇ. ಸಸಿ ನೆಡುವುದು ಒಳ್ಳೆಯ ಕೆಲಸ, ಅದರ ಬಗ್ಗೆ ತಕರಾರಿಲ್ಲ. ಆದರೆ ಒಮ್ಮೆ ವಿಷವುಂಡ ನೆಲವನ್ನು ಮತ್ತೆ ಮನುಷ್ಯವಾಸಕ್ಕೆ ಯೋಗ್ಯವಾಗಿಸುವುದು ಹೇಗೆ, ಅದು ಯೋಗ್ಯವಾಯಿತೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳು ನಮ್ಮ ಪಾಠಗಳಲ್ಲಿ ತಲೆಯೆತ್ತುವುದೇ ಇಲ್ಲ.

ಈ ತೀರ್ಮಾನಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸುವ ಒಂದು ವೃತ್ತಿಯಿದೆ. ಅದಕ್ಕೆ ನೀತಿ ವಿಶ್ಲೇಷಕ ಎಂದು ಹೆಸರು. ಆತ ಮುಖಗವಸು ತೊಟ್ಟು ಮಣ್ಣು ಅಗೆಯುವವನಲ್ಲ, ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡುವವನೂ ಅಲ್ಲ, ಆಜ್ಞೆ ಹೊರಡಿಸುವವನಂತೂ ಅಲ್ಲವೇ ಅಲ್ಲ. ಮಣ್ಣಿನ ವರದಿ, ಕಾನೂನಿನ ಪುಸ್ತಕ, ಖರ್ಚಿನ ಲೆಕ್ಕ, ಊರವರ ಅಹವಾಲು ಈ ನಾಲ್ಕನ್ನೂ ಮೇಜಿನ ಮೇಲೆ ಹರಡಿಕೊಂಡು, ಇರುವ ದಾರಿಗಳೆಷ್ಟು, ಯಾವ ದಾರಿಗೆ ಎಷ್ಟು ಹಣ, ಎಷ್ಟು ವರ್ಷ, ಅಪಾಯ ಯಾರ ತಲೆಯ ಮೇಲೆ ಎಂದು ಕಡತದಲ್ಲಿ ಬರೆದಿಡುವವನು. ಸಹಿ ಬೇರೆಯವರದು. ಆದರೆ ಆ ಟಿಪ್ಪಣಿ ಇಲ್ಲದಿದ್ದರೆ ಸಹಿ ಕುರುಡು ಸಹಿಯಾಗುತ್ತದೆ. ನಮ್ಮ ದೇಶದಲ್ಲಿ ವಿಷದ ನೆಲಗಳು ಹಾಗೆಯೇ ಉಳಿದಿರುವುದಕ್ಕೆ ಯಂತ್ರಗಳ ಅಭಾವಕ್ಕಿಂತ ಇಂಥ ಟಿಪ್ಪಣಿಯ ಅಭಾವವೇ ಹೆಚ್ಚಿನ ಕಾರಣವೆಂಬುದು ನನ್ನ ಅಭಿಪ್ರಾಯ.

ಭೋಪಾಲವನ್ನೇ ನೋಡೋಣ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಹೊಮ್ಮಿದ ಅನಿಲದ ಕಥೆ ಎಲ್ಲರಿಗೂ ತಿಳಿದದ್ದು. ಆ ಕಾರ್ಖಾನೆಯ ಅಂಗಳದಲ್ಲಿ ಉಳಿದ ರಾಸಾಯನಿಕಗಳ ಕಥೆ ಅಷ್ಟು ಪ್ರಸಿದ್ಧವಲ್ಲ. ಅನಿಲ ಗಾಳಿಯಲ್ಲಿ ಕರಗಿತು, ನೆಲಕ್ಕಿಳಿದದ್ದು ಕರಗಲಿಲ್ಲ. ಸುತ್ತಲಿನ ಬಡಾವಣೆಗಳ ಅಂತರ್ಜಲ ಕೆಟ್ಟಿತೆಂಬ ಕೂಗು ಎದ್ದು, ಅಲ್ಲಿನ ಜನರಿಗೆ ಶುದ್ಧ ನೀರು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2004ರಲ್ಲಿ ಹೇಳಬೇಕಾಯಿತು. ಕಾರ್ಖಾನೆಯೊಳಗಿನ ಕಸವನ್ನು 2005ರಲ್ಲಿ ಗುಡಿಸಿ ಒಂದು ಉಗ್ರಾಣದಲ್ಲಿ ತುಂಬಿಟ್ಟರು. ಮುಂದೆ ಇಪ್ಪತ್ತು ವರ್ಷ ಆ ಮೂಟೆಗಳು ಅಲ್ಲಿಯೇ ಕುಳಿತವು. ಗುಜರಾತಿನ ಅಂಕಲೇಶ್ವರ ಬೇಡವೆಂದಿತು, ಮಹಾರಾಷ್ಟ್ರ ಬೇಡವೆಂದಿತು. 2012ರಲ್ಲಿ ಜರ್ಮನಿಗೆ ಒಯ್ಯುವ ಮಾತುಕತೆಯೂ ಅಲ್ಲಿನ ವಿರೋಧದಿಂದ ಮುರಿದುಬಿತ್ತು. ಕೊನೆಗೆ ಮಧ್ಯಪ್ರದೇಶದ ಉಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ನಾಲ್ಕು ವಾರಗಳ ಗಡುವು ವಿಧಿಸಿದ ಮೇಲೆ, 2025ರ ಜನವರಿ 1ರ ರಾತ್ರಿ 337 ಟನ್ ಕಸ 12 ಲಾರಿಗಳಲ್ಲಿ ಸುಮಾರು 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಹೊರಟಿತು. ಅಲ್ಲಿಯೂ ಜನ ಬೀದಿಗಿಳಿದರು. ಜೂನ್ ಕೊನೆಯ ಹೊತ್ತಿಗೆ ಸುಡುವ ಕೆಲಸ ಮುಗಿಯಿತು. ಸುಡುವಾಗ ಸುಣ್ಣ ಮುಂತಾದುವನ್ನು ಬೆರೆಸಬೇಕಾದ್ದರಿಂದ ಉಳಿದ ಬೂದಿಯೇ 800 ಟನ್ನಿಗೂ ಮಿಕ್ಕಿತು. ಅದನ್ನೆಲ್ಲಿ ಹೂಳಬೇಕೆಂಬುದು ಮತ್ತೊಂದು ವಿವಾದವಾಯಿತು.

ಭೋಪಾಲ ಶುದ್ಧವಾಯಿತೆಂದು ಅನೇಕರು ನಿಟ್ಟುಸಿರು ಬಿಟ್ಟರು. ಆದರೆ ಕೇಂದ್ರ ಸರ್ಕಾರದ್ದೇ ಸಂಸ್ಥೆಗಳಾದ ನೀರಿ ಮತ್ತು ಎನ್‌ಜಿಆರ್‌ಐಗಳ 2010ರ ಅಂದಾಜಿನಂತೆ ಅಲ್ಲಿ ಕೆಟ್ಟಿರುವ ಮಣ್ಣು 11 ಲಕ್ಷ ಟನ್. ಲಾರಿ ಏರಿ ಹೋದದ್ದು ಅದರ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟೂ ಅಲ್ಲ. ಸುಡುವುದಕ್ಕೆ ನಮ್ಮಲ್ಲಿ ಕುಲುಮೆ ಇತ್ತು, ಅಳೆಯುವುದಕ್ಕೆ ವಿಜ್ಞಾನಿಗಳಿದ್ದರು, ಗದರಿಸುವುದಕ್ಕೆ ನ್ಯಾಯಾಲಯವೂ ಇತ್ತು. ಇಲ್ಲದಿದ್ದದ್ದು ಯಾವುದು? ಮೂಟೆಯನ್ನೂ ಮಣ್ಣನ್ನೂ ಅಂತರ್ಜಲವನ್ನೂ ಒಂದೇ ಲೆಕ್ಕದಲ್ಲಿಟ್ಟು, ಭೋಪಾಲದವರಿಗೂ ಪೀಥಂಪುರದವರಿಗೂ ಸಮನಾಗಿ ಉತ್ತರ ಹೇಳುವ ಒಂದು ಸಮಗ್ರ ಯೋಜನೆ. ಅದನ್ನು ವರ್ಷಗಟ್ಟಲೆ ಬೆನ್ನು ಹತ್ತುವ ಒಂದು ಕಾಯಂ ಮೇಜು.

ಅಮೆರಿಕಕ್ಕೆ ಈ ಬುದ್ಧಿ ಬಂದದ್ದೂ ಪೆಟ್ಟು ತಿಂದ ಮೇಲೆಯೇ. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್ ಎಂಬ ಹಳೆಯ ಕಾಲುವೆಯಲ್ಲಿ ಹೂಕರ್ ಕಂಪನಿ ಸುಮಾರು 20 ಸಾವಿರ ಟನ್ ರಾಸಾಯನಿಕ ಕಸವನ್ನು ಹೂಳಿತು. 1953ರಲ್ಲಿ ಆ ಜಾಗವನ್ನು ಸ್ಥಳೀಯ ಶಾಲಾ ಮಂಡಳಿಗೆ ಒಂದೇ ಡಾಲರಿಗೆ ಮಾರಿತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. ವಿಷದ ಪಕ್ಕದಲ್ಲಿ ಮಕ್ಕಳು ವರ್ಷಗಟ್ಟಲೆ ಆಡಿದರು, ಓದಿದರು. 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಘೋಷಿಸಿ ನೂರಾರು ಕುಟುಂಬಗಳನ್ನು ಬಿಡಿಸಬೇಕಾಯಿತು. ಅದರ ಫಲವಾಗಿ 1980ರಲ್ಲಿ ಬಂದ ಕಾನೂನೇ ಸೂಪರ್‌ಫಂಡ್. ವಿಷ ಸುರಿದವನೇ ಹಣ ತೆರಬೇಕು ಎಂಬುದು ಅದರ ತಿರುಳು.

ನನಗೆ ಮುಖ್ಯವೆನಿಸುವುದು ಆ ಕಾನೂನಿನ ಕೆಳಗೆ ಬೆಳೆದ ಕಚೇರಿಯ ಶಿಸ್ತು. ಯಾವುದೇ ಪರಿಹಾರ ಮಾರ್ಗವನ್ನು ಆರಿಸುವ ಮುನ್ನ ಒಂಬತ್ತು ಒರೆಗಲ್ಲುಗಳಿಗೆ ತಿಕ್ಕಿ ನೋಡಬೇಕು. ಜನರ ಆರೋಗ್ಯ ಉಳಿಯುವುದೇ, ಕಾನೂನಿಗೆ ಒಪ್ಪುವುದೇ ಎಂಬ ಎರಡನ್ನು ದಾಟದ ಮಾರ್ಗಕ್ಕೆ ಮುಂದೆ ಸ್ಥಾನವಿಲ್ಲ. ಎಷ್ಟು ಕಾಲ ನಿಲ್ಲುತ್ತದೆ, ಖರ್ಚೆಷ್ಟು, ಕೆಲಸ ನಡೆಯುವಾಗಲೇ ಯಾರಿಗಾದರೂ ಹಾನಿಯಾದೀತೇ ಎಂಬಂಥ ಐದು ಅನಂತರದವು. ರಾಜ್ಯ ಒಪ್ಪುವುದೇ, ಊರವರು ಒಪ್ಪುವರೇ ಎಂಬುವು ಕೊನೆಯ ಎರಡು. ಸರ್ಕಾರದ ವರದಿಯನ್ನು ಓದಿ ಅರ್ಥ ಹೇಳುವ ಸ್ವತಂತ್ರ ತಜ್ಞನನ್ನು ಊರವರೇ ನೇಮಿಸಿಕೊಳ್ಳಲು 1986ರಿಂದ ಅಲ್ಲಿ ಸರ್ಕಾರವೇ ಹಣ ಕೊಡುತ್ತದೆ. ವಿಷವನ್ನು ಸ್ಥಳದಲ್ಲಿಯೇ ಮುಚ್ಚಿ ಬಿಟ್ಟ ಜಾಗಗಳನ್ನು ಐದು ವರ್ಷಕ್ಕೊಮ್ಮೆ ಮರಳಿ ಪರಿಶೀಲಿಸಬೇಕು.

ಎಷ್ಟು ತೊಳೆದರೆ ಶುದ್ಧ ಎಂಬುದು ಬರಿಯ ರಸಾಯನಶಾಸ್ತ್ರದ ಪ್ರಶ್ನೆಯಲ್ಲ ಎಂಬುದು ಇಲ್ಲಿ ಮನವರಿಕೆಯಾಗುತ್ತದೆ. ಕಾರ್ಖಾನೆ ಕಟ್ಟುವ ನೆಲಕ್ಕೆ ಒಂದು ಅಳತೆ ಸಾಕಾದೀತು. ಮನೆಯಂಗಳಕ್ಕೆ ಅದು ಸಾಲದು, ಏಕೆಂದರೆ ಅಲ್ಲಿ ಮಗು ಮಣ್ಣಿನಲ್ಲಿ ಆಡಿ ಅದೇ ಕೈಯನ್ನು ಬಾಯಿಗಿಡುತ್ತದೆ. ಶುದ್ಧೀಕರಣದಲ್ಲಿ ಮೊದಲ ಪಾಲು ವಿಷ ಅಗ್ಗದಲ್ಲಿ ಹೋಗುತ್ತದೆ, ಕೊನೆಯ ಪಾಲಿಗೆ ಬೊಕ್ಕಸವೇ ಬರಿದಾಗಬಹುದು. ಎಲ್ಲಿ ನಿಲ್ಲಿಸಬೇಕು? ನಿಲ್ಲಿಸಿದ ಮೇಲೆ ಉಳಿಯುವ ಅಪಾಯವನ್ನು ಹೊರುವವರು ಯಾರು? ಸಾಮಾನ್ಯವಾಗಿ ಹೊರುವವರು ಬಡವರೇ. ಅದನ್ನು ಮರೆಮಾಚದೆ ಬರೆದಿಡುವುದೇ ವಿಶ್ಲೇಷಕನ ಧರ್ಮ.

ಇನ್ನೊಬ್ಬ ಅಧಿಕಾರಿ, ಇನ್ನೊಂದು ಕಡತ, ಇನ್ನಷ್ಟು ವಿಳಂಬವೇ ಎಂದು ನೀವು ಕೇಳಬಹುದು. ಅದು ನ್ಯಾಯವಾದ ಸಂದೇಹ. ಸೂಪರ್‌ಫಂಡ್ ಕೂಡ ಆಮೆಯ ನಡಿಗೆಯದೇ. ಲವ್ ಕೆನಾಲ್ ಪಟ್ಟಿಯಿಂದ ಹೊರಬಂದದ್ದು 2004ರಲ್ಲಿ. ರಾಸಾಯನಿಕ ಮತ್ತು ತೈಲ ಉದ್ಯಮಗಳ ಮೇಲಿನ ತೆರಿಗೆ 1995ರಲ್ಲಿ ನಿಂತುಹೋದಾಗ ಅಲ್ಲಿನ ನಿಧಿಯೂ ಸೊರಗಿತು. 2021ರ ಕಾನೂನು ರಾಸಾಯನಿಕಗಳ ಮೇಲಿನ ತೆರಿಗೆಯನ್ನು ಮತ್ತೆ ತಂದಿತು. ಆದರೆ ಅಲ್ಲಿಯ ವಿಳಂಬಕ್ಕೆ ಲಿಖಿತ ಕಾರಣವಿದೆ, ಯಾರು ಬೇಕಾದರೂ ತೆಗೆದು ಓದಿ ಪ್ರಶ್ನಿಸಬಹುದು. ನಮ್ಮಲ್ಲಿ ಪ್ರಶ್ನಿಸಲು ಕಾಗದವಾದರೂ ಬೇಡವೇ?

ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಜಿಲ್ಲಾಡಳಿತ ಶಂಕಿತ ತಾಣಗಳ ಪಟ್ಟಿಯನ್ನು ವರ್ಷಕ್ಕೆರಡು ಬಾರಿ ಕೊಡಬೇಕು, 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮುಗಿಯಬೇಕು, ಹೊಣೆಗಾರನನ್ನು ಗುರುತಿಸಿ ಖರ್ಚು ವಸೂಲು ಮಾಡಬೇಕು. ಸ್ವಾಗತಾರ್ಹವೇ. ಆದರೆ ನಿಯಮ ಬಂದ ಕಾಲಕ್ಕೆ ದೇಶದಲ್ಲಿ ಗುರುತಿಸಿದ್ದ 103 ತಾಣಗಳಲ್ಲಿ ಕೆಲಸ ಆರಂಭವಾಗಿದ್ದದ್ದು ಏಳರಲ್ಲಿ ಮಾತ್ರ. ಗಣಿ ಕೆಲಸದ ಮಾಲಿನ್ಯವನ್ನು ಬೇರೆ ಕಾನೂನಿಗೆ ಸೇರಿದ್ದೆಂದು ಸಾಮಾನ್ಯವಾಗಿ ಹೊರಗಿಟ್ಟಿದ್ದಾರೆ. ಹಾಗಾದರೆ ನಮ್ಮ ಕೋಲಾರ ಚಿನ್ನದ ಗಣಿಯ ಗತಿಯೇನು? 2001ರಲ್ಲಿ ಗಣಿ ಮುಚ್ಚಿತು. ಚಿನ್ನ ತೆಗೆಯಲು ಸೈನೈಡ್ ಬಳಸಿ ಉಳಿದ ಮಣ್ಣು 13 ದಿಬ್ಬಗಳಾಗಿ, ಸುಮಾರು 3 ಕೋಟಿ 30 ಲಕ್ಷ ಟನ್ ತೂಕದಷ್ಟು, ಇಂದಿಗೂ ಊರಿನ ನಡುವೆ ನಿಂತಿದೆ. ಗಾಳಿ ಬೀಸಿದರೆ ಅದರ ಧೂಳು ಮನೆಯೊಳಗೆ ಬರುತ್ತದೆ. ಆ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯಲು ರಾಜ್ಯ ಸಚಿವ ಸಂಪುಟ 2024ರಲ್ಲಿ ಸಮ್ಮತಿಸಿತು. ಚಿನ್ನದ ಲೆಕ್ಕ ಹಾಕುವವರು ಬೇಕಾದಷ್ಟು ಜನ ಸಿಕ್ಕಾರು. ಧೂಳಿನ ಲೆಕ್ಕವನ್ನು ಅದೇ ಕಡತದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ ಬರೆಯುವವರು ಬೇಕಲ್ಲವೇ?

ಆದ್ದರಿಂದ ನನ್ನ ಒತ್ತಾಯ ಎರಡು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಈ ಕೆಲಸಕ್ಕೆಂದೇ ಕಾಯಂ ವಿಶ್ಲೇಷಕರಿರಲಿ. ವರ್ಗಾವಣೆಯ ಗಾಳಿಗೆ ತೂರಿಹೋಗದಂತೆ ಅವರಿಗೆ ಅಧಿಕಾರಾವಧಿಯಿರಲಿ. ಅವರ ಟಿಪ್ಪಣಿ ಆ ಊರಿನ ಜನರ ಭಾಷೆಯಲ್ಲಿ, ನಿರ್ಧಾರಕ್ಕೆ ಮೊದಲೇ ಪ್ರಕಟವಾಗಲಿ. ರಸಾಯನಶಾಸ್ತ್ರ ಓದಿದ, ಕಾನೂನಿನಲ್ಲಿ ಆಸಕ್ತಿಯಿರುವ, ನಾಲ್ಕು ಸಾಲನ್ನು ಸ್ಪಷ್ಟವಾಗಿ ಬರೆಯಬಲ್ಲ ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. ಎಂಜಿನಿಯರ್, ಡಾಕ್ಟರ್ ಎಂಬ ಎರಡೇ ದಾರಿಗಳನ್ನು ತೋರಿಸುವ ತಂದೆತಾಯಿಗಳೂ ಅಧ್ಯಾಪಕ ಮಿತ್ರರೂ ಈ ಮೂರನೆಯದನ್ನೂ ಅವರ ಕಿವಿಗೆ ಹಾಕಲಿ. ಇದರಲ್ಲಿ ಕೀರ್ತಿಯಿಲ್ಲ, ಸನ್ಮಾನವಿಲ್ಲ. ಹತ್ತು ವರ್ಷ ದುಡಿದರೂ ಒಂದು ಬಾವಿಯ ನೀರು ಕುಡಿಯಲು ಯೋಗ್ಯವಾದರೆ ಅದೇ ದೊಡ್ಡದು. ಆ ಬಾವಿಯ ನೀರು ಸೇದುವವರಿಗೆ ಮಾತ್ರ ಅದು ಸಣ್ಣ ಸಂಗತಿಯಲ್ಲ.